ಬಿಳಿ ಚೌಕದ ಕೆಳಗಿನ ಹೆಸರು

ಅಗಲ್ಪಾಡಿ
ತಾ. ೨೦-೦೨-೨೦೨೫, ಗುರುವಾರ, ಬೆಳಿಗ್ಗೆ

ಚಿ. ಸೌ. ಸೌದಾಮಿನಿಗೆ ಅಪ್ಪನ ಆಶೀರ್ವಾದ.

ಹೇಗಿದ್ದಿ ಮಗಳೇ? ಉಬ್ಬಸ ಈಗ ಹೇಗಿದೆ? ಇಲ್ಲಿದ್ದಾಗ ಧನು ತಿಂಗಳು ಕಳೆಯುವವರೆಗೆ ನಿನಗೆ ಮಲಗಿ ನಿದ್ದೆ ಮಾಡಲಿಕ್ಕಾಗುತ್ತಿರಲಿಲ್ಲ, ಗೋಡೆಗೆ ಎರಡು ದಿಂಬು ಒರಗಿಸಿ ಕೂತೇ ಬೆಳಗು ಮಾಡುತ್ತಿದ್ದೆ. ಉಪ್ಪಳದ ಕಡಲ ಗಾಳಿ ಅದಕ್ಕೆ ಹಿತವೋ ಅಹಿತವೋ ನನಗೆ ತಿಳಿಯದು. ಸ್ವಲ್ಪ ಕಡಿಮೆಯಾಯಿತೆಂದು ಮದ್ದು ಬಿಡಬೇಡ, ಅದು ನಿನ್ನ ಹಳೆಯ ಚಾಳಿ. ಇಲ್ಲಿ ನನ್ನ ಬಲಗಣ್ಣಿನ ಪೊರೆ ತೆಗೆಸಿ ಆಯಿತು, ಎಡಗಣ್ಣು ಸರದಿಯಲ್ಲಿದೆ. ಸಕ್ಕರೆಯೂ ಇದೆ. ಅಮ್ಮನಿಗೆ ಮೊಣಗಂಟು ನೋವು, ಆದರೂ ನೆಲದ ಮೇಲೆ ಕೂತೇ ತರಕಾರಿ ಹೆಚ್ಚುತ್ತಾಳೆ, ಹೇಳಿದರೆ ಕೇಳುವವಳಲ್ಲ. ನಿನ್ನ ಅಣ್ಣ ಕೇಶವಪ್ರಸಾದನೂ ಅವನ ಮಗಳು ಅಕ್ಷಯಾಳೂ ಕ್ಷೇಮ. ಅವಳು ಕೂಸಾಗಿದ್ದಾಗ ನೀನು ಎತ್ತಿ ಆಡಿಸಿದ್ದೆ. ಈಗ ವಕೀಲಿ ಓದುತ್ತಿದ್ದಾಳೆ, ಮನೆಯಲ್ಲಿ ಯಾರ ಮಾತನ್ನೂ ಒಂದು ಪ್ರಶ್ನೆ ಕೇಳದೆ ಒಪ್ಪುವುದಿಲ್ಲ. ಮೇಲೆ ‘ಚಿ.’ ಎಂದು ಬರೆದವನು ‘ಸೌ.’ ಎಂದು ಬರೆಯುವ ಮೊದಲು ಪೆನ್ನಿನ ಮುಚ್ಚಳವನ್ನು ಎರಡು ಸಲ ಹಾಕಿ ತೆಗೆದೆ. ನೀನು ರೂಬೆನನನ್ನು ಮದುವೆಯಾಗಿ ಹತ್ತೊಂಬತ್ತು ವರ್ಷವಾಯಿತು. ಅದನ್ನು ಮದುವೆ ಎಂದು ಈ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಲ್ಲ, ನಾನೂ ಹೇಳಿಲ್ಲ. ಇವತ್ತು ಕಾಗದದ ಮೇಲೆ ಬರೆದಿದ್ದೇನೆ. ಈಗ ನೆನಪಾಯಿತಾ ಅಪ್ಪನಿಗೆ ಎಂದು ನೀನು ನಕ್ಕರೆ ನಗು, ನನಗೆ ಬೇಸರವಿಲ್ಲ.

ಒಂದು ಸುದ್ದಿ ನಿನ್ನ ಕಿವಿಗೆ ಬಿದ್ದಿರಬಹುದು. ಈ ತಿಂಗಳ ಎರಡನೇ ತಾರೀಕು ದೊಡ್ಡಪ್ಪನ ಮನೆಯಲ್ಲಿ ಕುಟುಂಬದವರೆಲ್ಲ ಸೇರಿದ್ದಾಗ ನಿನ್ನ ಅಪ್ಪ ತಿರುಮಲೇಶ್ವರ ಮಾಷ್ಟ್ರು ಇನ್ನೂರು ಜನರ ಎದುರು ವಂಶವೃಕ್ಷದಲ್ಲಿ ನಿನ್ನ ಹೆಸರು ಬರೆಸಿದರು, ಗಂಡನದ್ದೂ ಮಗಳದ್ದೂ ಬರೆಸಿದರು, ಸ್ವಂತ ಅಣ್ಣನ ಮುಖವನ್ನೂ ನೋಡಲಿಲ್ಲ ಎಂದು ಪೆರ್ಲದಿಂದ ಪುತ್ತೂರಿನವರೆಗೆ ಮಾತಾಗಿದೆ. ಕೆಲವರು ಫೋನು ಮಾಡಿ ನನ್ನನ್ನು ಹೊಗಳಿದರು. ನೀನೂ ಅದನ್ನು ಕೇಳಿ ಸಂತೋಷಪಟ್ಟಿದ್ದರೆ ಆ ಸಂತೋಷವನ್ನು ಕಿತ್ತುಕೊಳ್ಳುವ ಕೆಲಸವೂ ನನ್ನ ಪಾಲಿಗೇ ಬಂತು. ನಡೆದದ್ದು ಹಾಗಲ್ಲ. ಬೇರೆಯವರ ಬಾಯಿಂದ ನೀನು ಇದನ್ನು ತಿಳಿಯುವುದಕ್ಕಿಂತ ನಾನೇ ಹೇಳುವುದು ಒಳ್ಳೆಯದು ಎಂದು ಬರೆಯುತ್ತಿದ್ದೇನೆ.

ಶುರುವಾದದ್ದು ಹೋದ ವರ್ಷ. ನಿನ್ನ ದೊಡ್ಡಪ್ಪ ಮಹಾಗಣಪತಿ ಅಣ್ಣನಿಗೆ ಎಪ್ಪತ್ತೆಂಟು ತುಂಬಿತು. ತಾನು ಇರುವಾಗಲೇ ಏಳು ತಲೆಮಾರಿನ ವಂಶವೃಕ್ಷ ಮಾಡಿಸಿ ಚಾವಡಿಯಲ್ಲಿ ತೂಗಹಾಕಬೇಕೆಂದು ಅವನಿಗೆ ಆಸೆ. ನಮ್ಮಲ್ಲಿ ಹಿಂದೆ ಇದ್ದ ಪಟ್ಟಿಯಲ್ಲಿ ಗಂಡಸರು ಮಾತ್ರ, ನಿನಗೂ ನೆನಪಿರಬಹುದು. ಅದನ್ನು ನೋಡಿ ನೀನು ಏಳನೇ ಕ್ಲಾಸಿನಲ್ಲಿರುವಾಗ “ಇವರೆಲ್ಲ ಹುಟ್ಟಿದ್ದು ಹೇಗೆ ಅಪ್ಪಾ” ಎಂದು ಕೇಳಿ ಅಮ್ಮನಿಂದ ಪೆಟ್ಟು ತಿಂದಿದ್ದೆ. ಈ ಸಲ ಅಕ್ಷಯಾ ಅದೇ ಪ್ರಶ್ನೆಯನ್ನು ದೊಡ್ಡಪ್ಪನ ಎದುರೇ ಕೇಳಿದಳು, ಅವಳಿಗೆ ಪೆಟ್ಟು ಕೊಡುವವರಿಲ್ಲ. ಅಣ್ಣ ಸ್ವಲ್ಪ ಯೋಚನೆ ಮಾಡಿ ಒಪ್ಪಿದ. ಹೆಣ್ಣುಮಕ್ಕಳಿಗೂ ಒಂದೊಂದು ಎಲೆ. ಎಲೆಯಲ್ಲಿ ಅವಳ ಹೆಸರು, ಗಂಡನ ಹೆಸರು, ಕೊಟ್ಟ ಮನೆಯ ಗೋತ್ರ, ಮಕ್ಕಳ ಹೆಸರು. ಎಲ್ಲರಿಗೂ ಖುಷಿಯಾಯಿತು. ಕಾಲ ಎಷ್ಟು ಬದಲಾಯಿತು ಎಂದು ಹೇಳಿಕೊಂಡು ಎಲ್ಲರೂ ಎರಡೆರಡು ಸಲ ಪಾಯಸ ಹಾಕಿಸಿಕೊಂಡರು. ಚಿತ್ರ ಬರೆಯುವ ಕೆಲಸ ಡ್ರಾಯಿಂಗ್ ಮಾಷ್ಟ್ರಾಗಿದ್ದ ನನಗೆ ಬಂತು. ನನ್ನನ್ನು ಓದಿಸಿ ಮಾಷ್ಟ್ರನ್ನಾಗಿ ಮಾಡಿದವನು ಅವನೇ ಆದ್ದರಿಂದ ಅವನು ಹೇಳಿದ ಯಾವ ಕೆಲಸಕ್ಕೂ ನಾನು ಇದುವರೆಗೆ ಆಗುವುದಿಲ್ಲ ಎಂದವನಲ್ಲ. ಈ ಪತ್ರದ ಸಂಕಟವೆಲ್ಲ ಆ ಒಂದು ವಾಕ್ಯದಲ್ಲೇ ಇದೆ.

ನನ್ನ ಯಂತ್ರವನ್ನು ನೀನು ನೋಡಿಲ್ಲ. ನಿವೃತ್ತನಾದ ಮೇಲೆ ಬಿಡಿಭಾಗ ತರಿಸಿ ನಾನೇ ಜೋಡಿಸಿದ್ದು. ಎರಡು ಹಳಿ, ಹಲ್ಲಿನ ಬೆಲ್ಟು, ಮೂರು ಮೋಟಾರು, ಮಧ್ಯೆ ಸಾಮಾನ್ಯ ಇಂಕು ಪೆನ್ನನ್ನು ಸಿಕ್ಕಿಸುವ ಒಂದು ಹಿಡಿಕೆ. ಪ್ಲಾಟರ್ ಎನ್ನುತ್ತಾರೆ. ಕಂಪ್ಯೂಟರಿನಲ್ಲಿ ಗೆರೆಗಳಾಗಿ ಬರೆದ ಚಿತ್ರವನ್ನು ಅದು ನಿಜವಾದ ಪೆನ್ನಿನಲ್ಲಿ ಕಾಗದದ ಮೇಲೆ ಬರೆಯುತ್ತದೆ. ಆದರೆ ಚಿತ್ರವನ್ನು ಇದ್ದ ಹಾಗೆ ಕೊಟ್ಟರೆ ಅದಕ್ಕೆ ತಿಳಿಯುವುದಿಲ್ಲ, ಮೊದಲು ಅದರ ಭಾಷೆಗೆ ಇಳಿಸಬೇಕು. ಪೆನ್ನು ಎತ್ತು, ಬಲಕ್ಕೆ ಇಷ್ಟು ಮಿಲಿಮೀಟರ್ ಹೋಗು, ಮೇಲಕ್ಕೆ ಇಷ್ಟು ಹೋಗು, ಪೆನ್ನು ಇಳಿಸು, ಈ ವೇಗದಲ್ಲಿ ಅಲ್ಲಿಯವರೆಗೆ ಎಳೆ, ಮತ್ತೆ ಎತ್ತು. ಬರೇ ಅಪ್ಪಣೆಗಳು. ಶಾಲೆಯಲ್ಲಿದ್ದಾಗ ಐಟಿ ತರಬೇತಿಗೆ ನಮ್ಮನ್ನು ಕರೆದರೆ ಉಳಿದ ಮಾಷ್ಟ್ರುಗಳು ಹಿಂದಿನ ಬೆಂಚಿನಲ್ಲಿ ತೂಕಡಿಸುತ್ತಿದ್ದರು, ನನಗೆ ಮಾತ್ರ ಇಂಥದ್ದರ ಹುಚ್ಚು ಹಿಡಿದದ್ದು ಅಲ್ಲಿಂದ. ತೊಂದರೆ ಬಂದದ್ದು ಅಕ್ಷರದಲ್ಲಿ. ಕಂಪ್ಯೂಟರಿನ ಕನ್ನಡ ಅಕ್ಷರಕ್ಕೆಲ್ಲ ದಪ್ಪವಿದೆ, ಪೆನ್ನು ಅದರ ಅಂಚನ್ನು ಸುತ್ತಿ ಬಂದು ಒಳಗೆ ಟೊಳ್ಳು ಬಿಡುತ್ತದೆ. ಒಂಟಿ ಗೆರೆಯ ಅಕ್ಷರ ಇಂಗ್ಲಿಷಿಗೆ ತಯಾರು ಸಿಗುತ್ತದೆ, ಕನ್ನಡಕ್ಕೆ ನನಗೆ ಸಿಗಲಿಲ್ಲ. ಹಾಗಾಗಿ ಕಪ್ಪುಹಲಗೆಯ ಮೇಲೆ ಮೂವತ್ತು ವರ್ಷ ಬರೆದ ನನ್ನ ಅಕ್ಷರವನ್ನೇ ಒಂದೊಂದಾಗಿ ಗೆರೆ ಮಾಡಿದೆ. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಸೇರಿ ಮೂರು ತಿಂಗಳು ಹಿಡಿಯಿತು. ನಾನೂರ ಹನ್ನೆರಡು ಎಲೆ ತುಂಬಿದ ಮೇಲೆ ನಮ್ಮ ಏಳು ತಲೆಮಾರು ಅರುವತ್ತು ಸಾವಿರ ಸಾಲಿನ ಅಪ್ಪಣೆಯಾಯಿತು.

ಆ ನಾನೂರ ಹನ್ನೆರಡರಲ್ಲಿ ನಿನ್ನ ಎಲೆಯೂ ಇತ್ತು. ಅದನ್ನು ನಾನು ಯಾರನ್ನೂ ಕೇಳದೆ ಬರೆದೆ, ನಮ್ಮ ಕೊಂಬೆಯಲ್ಲಿ ಕೇಶವನ ಪಕ್ಕದಲ್ಲಿ. ನಿನ್ನ ಹೆಸರು ಬರೆದೆ, ಕೆಳಗೆ ರೂಬೆನ್ ಎಂದು ಬರೆದೆ. ಹೈಸ್ಕೂಲಿನಲ್ಲಿ ಅವನು ನನ್ನ ವಿದ್ಯಾರ್ಥಿ, ಸ್ಕೇಲು ಹಿಡಿದರೂ ನೇರ ಗೆರೆ ಎಳೆಯಲು ಬಾರದವನು, ಈಗ ಹೆದ್ದಾರಿಯ ಬದಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟು ಊರಿಗೆಲ್ಲ ಅಳತೆಪಟ್ಟಿ ಮಾರುತ್ತಾನಂತೆ. ಗೋತ್ರದ ಜಾಗ ಖಾಲಿ ಬಿಟ್ಟೆ. ಅದರ ಕೆಳಗೆ ಡಯಾನಾ ಎಂದು ಬರೆದೆ. ನಿನ್ನ ಮಗಳ ಹೆಸರು ನನಗೆ ಹೇಗೆ ಗೊತ್ತು ಎಂದು ನೀನು ಕೇಳಬಹುದು. ಎರಡು ವರ್ಷದ ಹಿಂದೆ ಶಾಲಾ ಮಕ್ಕಳ ಉಪಜಿಲ್ಲಾ ಕಲೋತ್ಸವಕ್ಕೆ ಪೆನ್ಸಿಲ್ ಚಿತ್ರದ ತೀರ್ಪುಗಾರನಾಗಿ ನನ್ನನ್ನು ಕರೆದಿದ್ದರು. ಹಾಳೆಯ ಮೇಲೆ ಹೆಸರಿರುವುದಿಲ್ಲ, ನಂಬರ್ ಮಾತ್ರ. ಹದಿನೇಳನೇ ನಂಬರಿನ ಹಾಳೆಯಲ್ಲಿ ಒಂದು ಹೊಲಿಗೆ ಮಿಶನ್ ಇತ್ತು, ನೆರಳು ಬಿದ್ದ ಕಡೆ ಬೆರಳಿನಿಂದ ಉಜ್ಜದೆ ಗೆರೆಯ ಮೇಲೆ ಗೆರೆ ಎಳೆದೇ ಕತ್ತಲೆ ತಂದಿದ್ದಳು. ಅದಕ್ಕೆ ಎರಡನೇ ಸ್ಥಾನ ಕೊಟ್ಟೆ. ಸಂಜೆ ಫಲಿತಾಂಶ ಅಂಟಿಸಿದ ಕಡೆ ಒಬ್ಬಳು ಹುಡುಗಿ ಕುಣಿಯುತ್ತ ಓಡಿಹೋಗಿ ವರಾಂಡದಲ್ಲಿ ನಿಂತ ಹೆಂಗಸಿನ ಕೈ ಹಿಡಿದು ಎಳೆದಳು. ಆ ಹೆಂಗಸು ನೀನು. ಕನ್ನಡಕ ಬಂದಿದೆ ನಿನಗೆ, ಸ್ವಲ್ಪ ದಪ್ಪವಾಗಿದ್ದಿ. ನಾನು ಏನು ಮಾಡಿದೆ ಗೊತ್ತೇ? ಸ್ಟಾಫ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು, ನೀವು ಹೋಗುವವರೆಗೆ ಅಲ್ಲಿದ್ದ ಹಳೆಯ ಪೇಪರನ್ನು ಮೊದಲಿಂದ ಕೊನೆಯವರೆಗೆ ಓದಿದೆ. ಎಲ್ಲರೂ ಹೋದ ಮೇಲೆ ಬಂದು ಫಲಿತಾಂಶದ ಹಾಳೆಯಲ್ಲಿ ಅವಳ ಹೆಸರು ನೋಡಿದೆ. ಮನೆಗೆ ಬಂದು ಅಮ್ಮನಿಗೂ ಹೇಳಲಿಲ್ಲ.

ಜನವರಿ ಕೊನೆಗೆ ಅಣ್ಣ ಬಂದು ಪರದೆಯ ಮೇಲೆ ಮರವನ್ನು ನೋಡಿದ. ಬುಡದಿಂದ ಒಂದೊಂದೇ ಎಲೆ ಓದುತ್ತ ಬಂದು ನಮ್ಮ ಕೊಂಬೆಯಲ್ಲಿ ನಿಂತ. ಬೈಯಲಿಲ್ಲ. ಬೈದಿದ್ದರೆ ನಾನೂ ಒಂದು ಮಾತು ಆಡುತ್ತಿದ್ದೆನೋ ಏನೋ. ಮೆಲ್ಲಗೆ, ಮಗುವಿಗೆ ಹೇಳುವಂತೆ ಹೇಳಿದ, “ನಿನ್ನ ಮಗಳದ್ದೊಂದು ಬೇಡ ತಿರುಮಲ. ಹೆಸರಿದ್ದರೆ ಗಂಡನ ಹೆಸರು ಬೇಕಾಗ್ತದೆ, ಗಂಡನ ಹೆಸರಿದ್ದರೆ ಗೋತ್ರ ಎಂತ ಅಂತ ಕೇಳ್ತಾರೆ. ಎಂತಕ್ಕೆ ಸುಮ್ಮನೆ ಮಾರಾಯ.” ನಾನು ಸರಿ ಎಂದೆ. ಅಷ್ಟೇ. ನೀನು ಹೋದ ದಿನ ಅವನು “ಇನ್ನು ಆ ಹೆಸರು ಬೇಡ” ಎಂದಾಗಲೂ ನಾನು ಹೇಳಿದ್ದು ಅಷ್ಟೇ. ಅವನು ಹೋದ ಮೇಲೆ ನಿನ್ನ ಎಲೆಯನ್ನು ಆಯ್ಕೆ ಮಾಡಿ ಅಳಿಸುವ ಕೀಲಿಯ ಮೇಲೆ ಬೆರಳಿಟ್ಟೆ, ಒತ್ತಲಿಕ್ಕಾಗಲಿಲ್ಲ. ಅದರ ಬದಲು ಒಂದು ಬಿಳಿ ಚೌಕ ಮಾಡಿ ನಿನ್ನ ಎಲೆಯ ಮೇಲೆ ಇಟ್ಟೆ. ಕಾಗದ ಬಿಳಿ, ಚೌಕ ಬಿಳಿ, ಅಂಚಿಗೆ ಗೆರೆಯಿಲ್ಲ. ಪರದೆಯಲ್ಲಿ ನೀನು ಇಲ್ಲವಾದೆ. ನಾನು ಅಳಿಸಲಿಲ್ಲ, ಬರೇ ಮುಚ್ಚಿದೆ ಎಂದು ನನಗೆ ನಾನೇ ಹೇಳಿಕೊಂಡೆ, ಹೇಳಿಕೊಂಡು ಸ್ವಲ್ಪ ಸಮಾಧಾನವೂ ಆಯಿತು. ಆ ಸಮಾಧಾನದ ನೆನಪೇ ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆ ತರುತ್ತದೆ.

ಯಂತ್ರಕ್ಕೆ ಬಣ್ಣ ಗೊತ್ತಿಲ್ಲ, ಸೌದಾಮಿನಿ. ಮುಂದೆ ಯಾವುದು ಹಿಂದೆ ಯಾವುದು ಎಂದೂ ಗೊತ್ತಿಲ್ಲ. ನಮ್ಮ ಕಣ್ಣಿಗೆ ಬಿಳಿ ಚೌಕ ಕೆಳಗಿನದನ್ನು ಮುಚ್ಚುತ್ತದೆ, ಅದಕ್ಕೆ ಚೌಕವೂ ನಾಲ್ಕು ಗೆರೆ, ಕೆಳಗಿನ ಹೆಸರೂ ಗೆರೆ. ಇರುವ ಗೆರೆಯನ್ನೆಲ್ಲ ಬರೆಯುವುದು ಅದರ ಕೆಲಸ. ಈ ಮಾತನ್ನು ನಾನೇ ಮಕ್ಕಳ ಶಿಬಿರಗಳಲ್ಲಿ ಹತ್ತು ಸಲ ಹೇಳಿಕೊಟ್ಟಿದ್ದೇನೆ. ಚಿತ್ರವನ್ನು ಯಂತ್ರದ ಭಾಷೆಗೆ ಇಳಿಸುವ ಮೊದಲು ಬೇಡದ್ದನ್ನು ಅಳಿಸಿ, ಮುಚ್ಚಬೇಡಿ ಎಂದು ಹಲಗೆಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆಯುತ್ತಿದ್ದೆ. ಆದರೂ ಮರೆತೆ. ಮರೆತೆನೋ ಅಥವಾ ಒಳಗೆಲ್ಲೋ ಗೊತ್ತಿದ್ದೂ ಸುಮ್ಮನಿದ್ದೆನೋ ಎಂದು ಈ ಹದಿನೆಂಟು ದಿನ ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಬೇಕೆಂದು ಮಾಡಿದ್ದು ಎಂದು ಬರೆಯಲು ಆಸೆಯಾಗುತ್ತದೆ. ಅದು ಸುಳ್ಳು, ಮರೆತದ್ದೇ ಸತ್ಯ.

ಎರಡನೇ ತಾರೀಕು ಆದಿತ್ಯವಾರ, ಬೆಳಿಗ್ಗೆ ನಾಗನಿಗೆ ತಂಬಿಲದ ಪೂಜೆಯಾದ ಮೇಲೆ ಎಲ್ಲರ ಎದುರು ಯಂತ್ರದಿಂದ ಮರ ಬರೆಸಬೇಕೆಂದು ಅಣ್ಣ ಹೇಳಿದ್ದ. ಚಾವಡಿಯ ನಡುವೆ ಎರಡು ಮೇಜು ಜೋಡಿಸಿ ನಾಲ್ಕಡಿ ಕಾಗದ ಹಾಸಿ ಹತ್ತು ಗಂಟೆಗೆ ಶುರುಮಾಡಿದೆ. ಊಟದ ಹೊತ್ತಿಗೆ ಮುಗಿಯುವ ಲೆಕ್ಕ. ದಾರಿ ಉಳಿಸಲಿಕ್ಕಾಗಿ ಅದು ಬುಡದಿಂದ ಕ್ರಮವಾಗಿ ಬರೆಯುವುದಿಲ್ಲ, ಬರೆದು ನಿಂತಲ್ಲಿಂದ ಯಾವ ಗೆರೆ ಹತ್ತಿರವೋ ಅಲ್ಲಿಗೆ ಹಾರುತ್ತದೆ. ಅಜ್ಜನಿಗಿಂತ ಮೊದಲು ಮರಿಮಗ ಬರುತ್ತಾನೆ. ಇನ್ನು ಯಾರ ಹೆಸರು ಎಂದು ಯಾರಿಗೂ ತಿಳಿಯದು, ಹಾಗಾಗಿ ಎಲ್ಲರೂ ಮೇಜಿನ ಸುತ್ತ ನಿಂತು ಪಂತ ಕಟ್ಟುತ್ತಿದ್ದರು. ತಮ್ಮ ಹೆಸರು ಬಂದಾಗ ದೊಡ್ಡವರೂ ಚಪ್ಪಾಳೆ ತಟ್ಟಿದರು. ತಲೆ ಬೆಳ್ಳಗಾದ ಹೆಂಗಸರು ತಮ್ಮ ಎಲೆಯನ್ನು ಬೆರಳಿನಿಂದ ಮುಟ್ಟಲು ಹೋಗಿ ಇಂಕು ಒಣಗಿಲ್ಲ ಎಂದು ನನ್ನಿಂದ ಬೈಸಿಕೊಂಡರು. ನಾನೂ ಬಹಳ ಹೆಮ್ಮೆಯಲ್ಲಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಹನ್ನೆರಡೂವರೆಗೆ ಪೆನ್ನು ನಮ್ಮ ಕೊಂಬೆಗೆ ಬಂತು. ಖಾಲಿ ಜಾಗದಲ್ಲಿ ಇಳಿದು ನೇರ ಒಂದು ಗೆರೆ ಎಳೆಯಿತು, ತಿರುಗಿ ಇನ್ನೊಂದು, ಮತ್ತೆ ಎರಡು. ಚೌಕವಾಯಿತು. ಇಡೀ ಮರದಲ್ಲಿ ಎಲ್ಲ ಎಲೆ, ಅಲ್ಲಿ ಮಾತ್ರ ಚೌಕ. ನನಗೆ ಆ ಕ್ಷಣವೇ ಅರ್ಥವಾಯಿತು. ದೊಡ್ಡಪ್ಪನ ಮಗಳು ರಂಜನಿ ನನ್ನ ಪಕ್ಕದಲ್ಲೇ ಇದ್ದಳು, “ಇದು ಎಂತ ಚಿಕ್ಕಪ್ಪಾ, ಬಾಗಿಲಾ” ಎಂದು ಕೇಳಿದಳು. ಪೆನ್ನು ಹಾರಿ ಕೇಶವನ ಎಲೆಗೆ ಹೋಯಿತು, ಅದನ್ನು ಮುಗಿಸಿ ಮತ್ತೆ ಚೌಕಕ್ಕೇ ಬಂತು. ಡಯಾನಾ ಎಂದು ಬರೆಯಿತು. ರಂಜನಿ ಗಟ್ಟಿಯಾಗಿ ಓದಿ “ಯಾರದು ಡಯಾನಾ, ನಮ್ಮಲ್ಲಿ ಆ ಹೆಸರು ಉಂಟಾ” ಎಂದು ನಕ್ಕಳು, ನಾಲ್ಕು ಜನ ಜೊತೆಗೆ ನಕ್ಕರು. ಆಮೇಲೆ ಅದು ರೂಬೆನ್ ಎಂದು ಬರೆಯಿತು. ಆಗ ಯಾರೂ ನಗಲಿಲ್ಲ. ಪೆನ್ನು ಮೇಲೆ ಹೋಗಿ ನಿನ್ನ ಹೆಸರಿನ ಮೊದಲ ಅಕ್ಷರ ಶುರುಮಾಡಿತು, ನನ್ನ ಕೈಬರಹದಲ್ಲಿ, ನಿನ್ನ ಶಾಲೆಯ ಪುಸ್ತಕದ ಹೊದಿಕೆಯ ಮೇಲೆ ನಾನು ಬರೆದುಕೊಡುತ್ತಿದ್ದ ಹಾಗೆಯೇ.

ಅಣ್ಣ ಎದುರಿನ ಕುರ್ಚಿಯಲ್ಲಿ ಕೂತಿದ್ದ. ತಲೆಯೆತ್ತಿ ನನ್ನನ್ನು ನೋಡಿದ, ಅಷ್ಟೇ. ನಾನು ನಿಲ್ಲಿಸುವ ಗುಂಡಿ ಒತ್ತಿದೆ. ಊರವರು ಹೇಳುವ ಕಥೆಯಲ್ಲಿ ಈ ಗುಂಡಿ ಇಲ್ಲ, ಅದಕ್ಕಾಗಿಯೇ ಇಷ್ಟೆಲ್ಲ ಬರೆಯಬೇಕಾಯಿತು. ಹಾಗೆ ಥಟ್ಟನೆ ನಿಲ್ಲಿಸಿದರೆ ಯಂತ್ರ ಪೆನ್ನನ್ನು ಎತ್ತುವುದಿಲ್ಲ, ಇದ್ದಲ್ಲೇ ನಿಲ್ಲುತ್ತದೆ. ‘ಸೌದಾ’ ಎಂಬಲ್ಲಿಗೆ ನಿಂತಿತು. ದೀರ್ಘದ ತುದಿಯಲ್ಲಿ ಇಂಕು ಇಳಿದು ಹರಡತೊಡಗಿತು. ನನಗೆ ಪೆನ್ನನ್ನು ಕೈಯಿಂದ ಎತ್ತಬೇಕು ಎಂದು ಹೊಳೆಯಲೇ ಇಲ್ಲ, ಆ ಕಪ್ಪು ದೊಡ್ಡದಾಗುವುದನ್ನು ನೋಡುತ್ತ ನಿಂತೆ. ಆಗ ಹಿಂದಿನಿಂದ ನಿನ್ನ ಅಮ್ಮ ಸತ್ಯವತಿಯ ಸ್ವರ ಕೇಳಿತು, “ಇನ್ನೂ ಎರಡು ಅಕ್ಷರ ಉಂಟಲ್ಲ.” ಬಾಳೆಲೆ ಒರೆಸುವ ಬಟ್ಟೆ ಕೈಯಲ್ಲಿ ಹಿಡಿದು ನಿಂತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ನಿನ್ನ ಬಗ್ಗೆ ಸತ್ಯವತಿ ನನ್ನೆದುರು ಆಡಿದ ಮೊದಲ ಮಾತು ಅದು. ಸಿಟ್ಟಿನಲ್ಲಿ ಹೇಳಲಿಲ್ಲ, ಅಳುತ್ತ ಹೇಳಲಿಲ್ಲ, ಅಡುಗೆಯವರಿಗೆ ಇನ್ನೂ ಎರಡು ಎಲೆ ಬಾಕಿ ಉಂಟು ಎಂದು ಹೇಳುವ ಹಾಗೆ ಹೇಳಿದಳು. ನಾನು ಅವಳ ಕಡೆ ತಿರುಗಲಿಲ್ಲ. ಅಣ್ಣ ಎದ್ದು “ಎಲೆ ಹಾಕಿ ಆಯ್ತು, ಎಲ್ಲ ಊಟಕ್ಕೆ ಏಳಿ” ಎಂದ, ಎಲ್ಲರೂ ಹೊರಟರು, ನಾನೂ ಹೋಗಿ ಕೂತು ಉಂಡೆ. ಏನು ಬಡಿಸಿದ್ದರು ಎಂದು ನೆನಪಿಲ್ಲ.

ಆಮೇಲಿನದ್ದು ಇನ್ನೂ ನಾಚಿಕೆಯದು. ಗುಂಡಿ ಒತ್ತಿದ್ದನ್ನು ನೋಡಿದವರು ಅಣ್ಣ, ಅಮ್ಮ, ಬಹುಶಃ ಕೇಶವ. ಉಳಿದವರ ಕಣ್ಣು ಪೆನ್ನಿನ ಮೇಲಿತ್ತು, ಯಂತ್ರ ಕೆಟ್ಟು ನಿಂತಿತು ಎಂದು ತಿಳಿದರು. ಚೌಕವನ್ನು ನಾನು ಬೇಕೆಂದೇ ಹಾಕಿಸಿದೆ, ಕಳೆದುಹೋದ ಮಗಳನ್ನು ಎದ್ದು ಕಾಣುವ ಹಾಗೆ ಬರೆಸಿದೆ ಎಂದು ಅವರ ಊಹೆ. ಮರುದಿನ ರಂಜನಿ ಫೋನು ಮಾಡಿ “ಭಾರೀ ಧೈರ್ಯ ಮಾಡಿದಿರಿ ಚಿಕ್ಕಪ್ಪಾ, ನಮ್ಮ ಅಪ್ಪನಿಗೆ ಹೇಳುವವರು ಯಾರಾದರೂ ಬೇಕಿತ್ತು” ಎಂದು ಅತ್ತಳು. ನಾನು ಅಲ್ಲ ಎನ್ನಲಿಲ್ಲ. ಹ್ಞೂಂ ಎಂದೂ ಹೇಳಲಿಲ್ಲ, ಕೆಮ್ಮಿದೆ. ಅಣ್ಣನಿಗೂ ಅದೇ ಅನುಮಾನ, ನಾನು ಬೇಕೆಂದೇ ಮಾಡಿ ಕೊನೆಗೆ ಹೆದರಿದೆ ಎಂದು. ಅವನಿಗೆ ನಾನು ಕಾಲು ಮುಟ್ಟಿ ಇಲ್ಲ ಎಂದೆ, ಬರೇ ತಪ್ಪಿನಿಂದ ಆದದ್ದು ಎಂದೆ. ಧೈರ್ಯದ ಹೆಸರನ್ನು ಒಬ್ಬರ ಹತ್ತಿರ ಇಟ್ಟುಕೊಂಡೆ, ಹೇಡಿತನದ ಲಾಭವನ್ನು ಇನ್ನೊಬ್ಬರ ಹತ್ತಿರ ತೆಗೆದುಕೊಂಡೆ. ಅಣ್ಣ ಹೇಳಿದ, “ಆಯ್ತು, ಹೊಸ ಕಾಗದ ತರಿಸು, ಈ ಸಲ ಸರಿ ನೋಡಿ ಮಾಡು. ಇಪ್ಪತ್ತಮೂರಕ್ಕೆ ತೂಗಹಾಕುವಾ.” ಇಪ್ಪತ್ತಮೂರು ಎಂದರೆ ಬರುವ ಆದಿತ್ಯವಾರ.

ಹೊಸ ಕಾಗದ ಬಂದಿದೆ. ದಿನವೂ ಬೆಳಿಗ್ಗೆ ಮರದ ಚಿತ್ರ ತೆರೆದು ನಿನ್ನ ಎಲೆಯ ಎದುರು ಕೂರುತ್ತೇನೆ. ಮೊನ್ನೆ ಅಮ್ಮ ಕಾಫಿ ತಂದಿಟ್ಟು ಹೋಗದೆ ಹಿಂದೆ ನಿಂತಳು. “ಅವಳದ್ದು ತೆಗೆಯುವುದಾದರೆ ನನ್ನದನ್ನೂ ತೆಗೆಯಿರಿ” ಎಂದಳು. ಹುಚ್ಚೇ ನಿನಗೆ ಎಂದೆ. “ಹೆತ್ತದ್ದು ನಾನು. ನನ್ನದು ಎಲ್ಲುಂಟು ತೋರಿಸಿ” ಎಂದು ಪರದೆಯ ಹತ್ತಿರ ಬಗ್ಗಿ ತನ್ನ ಹೆಸರು ಹುಡುಕಿದಳು, ಕನ್ನಡಕವಿಲ್ಲದೆ ಸಿಗಲಿಲ್ಲ, ಹೋದಳು. ಅಂದಿನಿಂದ ನನ್ನೊಡನೆ ಮಾತಿಲ್ಲ. ಕಾಫಿ ಬರುತ್ತದೆ, ಮದ್ದಿನ ಡಬ್ಬಿ ಬರುತ್ತದೆ, ಮಾತು ಬರುವುದಿಲ್ಲ.

ಈಗ ಪತ್ರ ಬರೆಯಲು ಕೂತ ನಿಜವಾದ ಕಾರಣವನ್ನೂ ಹೇಳಿಬಿಡುತ್ತೇನೆ, ಇಷ್ಟು ಹೇಳಿದ ಮೇಲೆ ಅದನ್ನು ಇಟ್ಟುಕೊಂಡು ಏನಾಗಬೇಕು. ನಿನ್ನಿಂದ ಒಂದು ಸಾಲು ಬರೆಸಿಕೊಳ್ಳಬೇಕೆಂದಿತ್ತು. ‘ನನ್ನ ಹೆಸರು ಅಲ್ಲಿ ಬೇಡ ಅಪ್ಪಾ, ನನಗೆ ಬೇಸರವಿಲ್ಲ’ ಎಂದು ನೀನೇ ಬರೆದು ಕಳಿಸಿದರೆ ಅಮ್ಮನಿಗೆ ತೋರಿಸಿ ಬಾಯಿ ಮುಚ್ಚಿಸಬಹುದು, ಅಳಿಸುವ ಕೀಲಿಯನ್ನೂ ಒತ್ತಿಬಿಡಬಹುದು ಎಂದು ನನ್ನ ಯೋಚನೆ. ನಿನ್ನನ್ನು ತೆಗೆದುಹಾಕಲು ನಿನ್ನದೇ ಒಪ್ಪಿಗೆ ಕೇಳುವ ಅಪ್ಪ. ಇದಕ್ಕಿಂತ ಕೆಳಗೆ ಇಳಿಯಲು ಜಾಗ ಇದೆಯೋ ನನಗೆ ಗೊತ್ತಿಲ್ಲ. ಆದರೂ ಕೇಳುತ್ತಿದ್ದೇನೆ, ಏಕೆಂದರೆ ಅಣ್ಣನ ಎದುರು ನಿಂತು ಆಗುವುದಿಲ್ಲ ಎನ್ನುವುದು ನನಗೆ ಎಪ್ಪತ್ತು ವರ್ಷದಲ್ಲಿ ಬಂದಿಲ್ಲ. ಬರೆಯಲು ಮನಸ್ಸಿಲ್ಲದಿದ್ದರೆ ಬರೆಯಬೇಡ. ಉತ್ತರ ಬಾರದಿದ್ದರೆ ಏನು ಮಾಡುವುದೆಂದು ಶನಿವಾರ ಯೋಚಿಸುತ್ತೇನೆ. ರೂಬೆನನ ಅಂಗಡಿಯ ಹೆಸರಿಗೆ ಈ ಪತ್ರ ಹಾಕುತ್ತೇನೆ, ಮನೆಯ ವಿಳಾಸ ನನ್ನಲ್ಲಿಲ್ಲ.

ಆರೋಗ್ಯ ನೋಡಿಕೋ. ರೂಬೆನನಿಗೂ ನನ್ನ ಆಶೀರ್ವಾದ ಹೇಳು, ತೆಗೆದುಕೊಳ್ಳುವುದು ಬಿಡುವುದು ಅವನಿಷ್ಟ. ಡಯಾನಾಳಿಗೆ ಉಜ್ಜುವ ಅಭ್ಯಾಸ ಎಂದೂ ಬಾರದಿರಲಿ, ಗೆರೆಯ ಮೇಲೆ ಗೆರೆ ಎಳೆದೇ ನೆರಳು ತರಲಿ. ಒಳ್ಳೆಯದಾಗಲಿ ಮೂವರಿಗೂ.

ನಿನ್ನ ಅಪ್ಪ,
ತಿರುಮಲೇಶ್ವರ

ವಿ.ಸೂ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸರಿಯಾಗಿಲ್ಲ. ಪತ್ರ ಮುಗಿಸಿ ಅಂಟು ಕೇಳಲು ಒಳಗೆ ಹೋದರೆ ಅಮ್ಮ ಇಲ್ಲ. ಎಂಟೂವರೆಯ ಬಸ್ಸಿಗೆ ಉಪ್ಪಳಕ್ಕೆ ಹೋದಳಂತೆ, ನಾಲ್ಕು ಸೀರೆ ತೆಗೆದುಕೊಂಡು. ಅವಳಿಗೆ ಮನೆ ಗೊತ್ತುಂಟಾ ಎಂದು ಅಕ್ಷಯಾಳನ್ನು ಕೇಳಿದೆ. ಹುಡುಗಿ ನನ್ನ ಮುಖವನ್ನೇ ನೋಡಿ “ಆರು ವರ್ಷದಿಂದ ಹೋಗಿ ಬರ್ತಾರಲ್ಲ ಅಜ್ಜ, ನಿಮಗೆ ಗೊತ್ತಿಲ್ವಾ” ಎಂದಳು. ತಿಂಗಳಿಗೊಮ್ಮೆ ಕುಂಬಳೆಗೆ, ಮೊಣಗಂಟಿಗೆ ಎಣ್ಣೆ ತಿಕ್ಕಿಸಲು ಎಂದು ಹೋಗುತ್ತಿದ್ದದ್ದು ನಿನ್ನಲ್ಲಿಗೆ. ಕೇಶವನೂ ನಿನ್ನ ಮನೆಗೆ ಬಂದಿದ್ದಾನಂತೆ, ಅಕ್ಷಯಾಳೂ ಬಂದಿದ್ದಾಳಂತೆ. ಹಾಗಾದರೆ ಗುಂಡಿಯ ಕಥೆಯೂ ನಿನಗೆ ಆಗಲೇ ಗೊತ್ತು, ನನ್ನ ಸಕ್ಕರೆ ಎಷ್ಟು ಎಂದೂ ಗೊತ್ತು. ನಿನ್ನ ಹೆಸರು ಈ ಮನೆಯಲ್ಲಿ ಯಾರೂ ಹೇಳುವುದಿಲ್ಲ ಎಂದು ತಿಳಿದಿದ್ದೆ. ನನ್ನೆದುರು ಹೇಳುತ್ತಿರಲಿಲ್ಲ, ಅಷ್ಟೇ. ಈ ಸಲ ಅಮ್ಮ ತಿರುಗಿ ಬರುವುದಿಲ್ಲ ಎಂದು ಹೇಳಿ ಹೋಗಿದ್ದಾಳೆ. ಮೇಲೆ ಕೇಳಿದ ಸಾಲನ್ನು ಬರೆಯಬೇಡ. ಚೌಕವನ್ನು ಈಗ ತೆಗೆದೆ, ನಿನ್ನ ಎಲೆಯನ್ನು ಇದ್ದ ಹಾಗೆ ಬಿಟ್ಟೆ. ಅಣ್ಣನಿಗೆ ಇನ್ನೂ ಹೇಳಿಲ್ಲ, ಹೇಳುತ್ತೇನೆಂದು ಮಾತು ಕೊಡಲೂ ನನಗೆ ಹೆದರಿಕೆ. ಅಂಚೆಗೆ ಹಾಕಿದರೆ ತಡವಾಗುತ್ತದೆ, ಹತ್ತೂಕಾಲು ಗಂಟೆಯ ಬಸ್ಸಿಗೆ ನಾನೇ ತರುತ್ತಿದ್ದೇನೆ, ಅಕ್ಷಯಾ ದಾರಿ ಬರೆದು ಕೊಟ್ಟಿದ್ದಾಳೆ. ಈ ಪತ್ರ ನಿನ್ನ ಗೇಟಿನಲ್ಲಿ ಸಿಕ್ಕಿಸಿದ್ದು ಕಂಡರೆ ಒಳಗೆ ಬರಲು ನನ್ನಿಂದಾಗಲಿಲ್ಲ ಎಂದು ತಿಳಿ. ನಾನು ಎದುರಿನ ಬಸ್‌ಸ್ಟಾಪಿನಲ್ಲಿರುತ್ತೇನೆ. ಊರಿಗೆ ತಿರುಗಿ ಹೋಗುವ ಎರಡು ಬಸ್ಸು ಹತ್ತದೆ ಬಿಡುತ್ತೇನೆ.